ಕಾರಿನ ಬಣ್ಣ ತಿದ್ದುವಿಕೆ: ವೆಚ್ಚದ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ಗಡಸು ನೀರಿನಿಂದ ತೊಳೆದ ಕಾರು ಬಿಸಿಲಿನಲ್ಲಿ ಒಣಗಿದರೆ ಲವಣದ ಕಲೆ ಉಳಿಯುತ್ತದೆ. ಒಣಧೂಳನ್ನು ಒರೆಸಿದರೆ ಸೂಕ್ಷ್ಮ ಗೀರುಗಳು ಮೂಡುತ್ತವೆ. ಇವನ್ನು ನಿವಾರಿಸುವ ‘ಪೇಂಟ್ ಕರೆಕ್ಷನ್’ ಎಂದರೆ ಹೊಸ ಬಣ್ಣ ಬಳಿಯುವುದಲ್ಲ. ಮೇಲಿನ ಪಾರದರ್ಶಕ ಪದರವನ್ನು ಪಾಲಿಷ್ ಯಂತ್ರದಿಂದ ಉಜ್ಜಿ ಸಮಗೊಳಿಸುವುದು. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ. ಪದೇ ಪದೇ ಉಜ್ಜಿಸಿದರೆ ಅದು ಸವೆದುಹೋಗುತ್ತದೆ.

ವೆಚ್ಚದ ಬಹುಪಾಲು ಕುಶಲ ಕೆಲಸಗಾರನ ಗಂಟೆಗಳಿಗೆ ಸಲ್ಲುತ್ತದೆ. ಅದರ ಮೇಲೆ ಶೇ. 18ರಷ್ಟು ಜಿ.ಎಸ್.ಟಿ. ಉಂಟು. ವ್ಯಾಪಾರಿಯ ಸ್ವಂತ ಬಳಕೆಯ ಕಾರಿಗೆ 2017ರ ಕಾಯ್ದೆಯ ಕಲಂ 17(5)ರಂತೆ ಈ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. 10,000 ರೂ. ಕೆಲಸಕ್ಕೆ 1,800 ರೂ. ತೆರಿಗೆಯೂ ಖರ್ಚೇ ಆಗುತ್ತದೆ. ನೆರಳಿನಲ್ಲಿ ತೊಳೆದು, ನೀರು ಆರುವ ಮುನ್ನವೇ ಮೃದುವಾದ ಬಟ್ಟೆಯಿಂದ ಒರೆಸುವುದು ಮಿತವ್ಯಯದ ಮಾರ್ಗ.