ಕುಣಿಯುವ ಗುಂಪಿನ ಭೌತಶಾಸ್ತ್ರ

ಗಣೇಶ ವಿಸರ್ಜನೆಯ ರಾತ್ರಿ ರಾಣೇಬೆನ್ನೂರಿನಲ್ಲೋ ಹಾವೇರಿಯಲ್ಲೋ ಡಿ.ಜೆ. ಗಾಡಿಯ ಮುಂದೆ ಕುಣಿದವರಿಗೆ ರಾಕ್ ಸಂಗೀತದ ಹುಚ್ಚು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಬಾಸ್ ಎದೆಗೂಡಿಗೇ ಗುದ್ದುತ್ತದೆ. ಯಾರ ಹೆಗಲು ಯಾರಿಗೆ ತಾಗಿತೆಂದು ಯಾರೂ ಕೇಳುವುದಿಲ್ಲ. ಹೆವಿ ಮೆಟಲ್ ಕಾರ್ಯಕ್ರಮಗಳಲ್ಲಿ ವೇದಿಕೆಯೆದುರು ಹೀಗೆ ಡಿಕ್ಕಿ ಹೊಡೆದುಕೊಂಡು ಕುಣಿಯುವ ಜಾಗಕ್ಕೆ ಮಾಷ್ ಪಿಟ್ ಎನ್ನುತ್ತಾರೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಕುಣಿತದ ವಿಡಿಯೊಗಳಿಂದ ಜನರ ವೇಗವನ್ನು ಅಳೆದರು. ಆ ವೇಗಗಳ ಹಂಚಿಕೆ ಅನಿಲದ ಅಣುಗಳದ್ದನ್ನೇ ಹೋಲುತ್ತಿತ್ತು! 2013ರಲ್ಲಿ ಅದು ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಪ್ರಕಟವಾಯಿತು. ಅಣುಗಳು ಹಾಗೆ ಅಡ್ಡಾದಿಡ್ಡಿ ಓಡಬೇಕಾದರೆ ನಡುವೆ ಖಾಲಿ ಜಾಗ ಇರಲೇಬೇಕು. ಎಂದರೆ, ಜಿಗಿಯಲು ಜಾಗವಿರುವತನಕ ಗದ್ದಲ ಎಷ್ಟಿದ್ದರೂ ಉಸಿರಿಗೆ ತೊಂದರೆಯಿಲ್ಲ. ಕೈ ಎತ್ತಲೂ ಆಗದಂತೆ ಗುಂಪು ಬಿಗಿದಾಗಲೇ ಅಪಾಯ.

ಹಾಗೆ ಬಿಗಿದ ಗುಂಪು ದ್ರವದಂತೆ ತುಯ್ಯತೊಡಗುತ್ತದೆ. ಸ್ಪೇನಿನ ಪಂಪ್ಲೋನಾದಲ್ಲಿ ಗೂಳಿ ಓಟದ ಹಬ್ಬ ಶುರುವಾಗುವಾಗ ಊರ ಚೌಕದಲ್ಲಿ ಸುಮಾರು 5,000 ಜನ ಕಿಕ್ಕಿರಿಯುತ್ತಾರೆ. ನಮ್ಮ ಹೋರಿ ಹಬ್ಬದ ಅಖಾಡ ನೋಡಿದವರಿಗೆ ಆ ಉತ್ಸಾಹ ಹೊಸದಲ್ಲ. ಫ್ರಾನ್ಸಿನ ವಿಜ್ಞಾನಿಗಳು ಪಂಪ್ಲೋನಾದ ಆ ಗುಂಪನ್ನು ಮೇಲಿನಿಂದ ಚಿತ್ರೀಕರಿಸಿ, 2025ರಲ್ಲಿ ‘ನೇಚರ್’ನಲ್ಲಿ ವಿವರಿಸಿದರು: ಚದರ ಮೀಟರಿಗೆ ನಾಲ್ವರನ್ನು ದಾಟಿದ ಮೇಲೆ ನೂರಾರು ಜನರ ಗುಂಪು ಯಾರೂ ಬೇಕೆಂದು ತಳ್ಳದೆಯೇ ಸುತ್ತುಸುತ್ತಾಗಿ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 18 ಸೆಕೆಂಡು. ಸ್ಥಳ ಇಕ್ಕಟ್ಟಾದಷ್ಟೂ ತೂಗಾಟ ಚುರುಕು.

ನನ್ನನ್ನು ಕಾಡುವುದು ಇದೇ. ಅಗಲೀಕರಣಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆದ ಬ್ಯಾಡಗಿಯ ಮುಖ್ಯರಸ್ತೆಯಂಥ ಕಡೆ, ಎರಡೂ ಬದಿ ಅಂಗಡಿಗಳ ನಡುವೆ ಸ್ಪೀಕರ್ ಹೊತ್ತ ಗಾಡಿ ನಿಂತರೆ ಜನಕ್ಕೆ ಉಳಿಯುವ ಜಾಗ ಎಷ್ಟು?

ಗುಂಪು ಬಿಗಿದು ಆಗುವ ದುರಂತಗಳಲ್ಲಿ ಜನ ಸಾಯುವುದು ತುಳಿತದಿಂದ ಎಂದೇ ನಂಬಿದ್ದೇವೆ. ಆದರೆ ಎಷ್ಟೋ ಸಲ ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ಸುತ್ತಲ ಒತ್ತಡಕ್ಕೆ ಎದೆ ಹಿಗ್ಗಲಾರದು. 2021ರ ನವೆಂಬರಿನಲ್ಲಿ ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಸಂಗೀತೋತ್ಸವದಲ್ಲಿ 10 ಜನ ಸತ್ತದ್ದು ಹೀಗೆಯೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನರನ್ನು ಕಳೆದುಕೊಂಡೆವು.

ಗುಂಪು ಬಿಗಿಯುತ್ತಿದೆ ಅನ್ನಿಸಿದರೆ ಮುಷ್ಟಿಗಳನ್ನು ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ತಳ್ಳಾಟಕ್ಕೆ ಎದುರು ನಿಲ್ಲಬೇಡಿ. ಅಲೆ ಇಳಿದಾಗ ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದ ಮೊಬೈಲಿಗೆ ಬಗ್ಗಬೇಡಿ. ಮಾಷ್ ಪಿಟ್‌ನಲ್ಲಿ ಯಾರಾದರೂ ಬಿದ್ದರೆ ಸುತ್ತಲಿನವರು ತಕ್ಷಣ ಎತ್ತಿ ನಿಲ್ಲಿಸಬೇಕೆಂಬ ಕಟ್ಟಳೆಯಿದೆ. ಅದು ನಮ್ಮ ಓಣಿಗಳಿಗೂ ಬರಲಿ. ಗಾಡಿಯ ಮೇಲೆ ನಿಂತ ಡಿ.ಜೆ. ಹುಡುಗನಿಗೆ ಇಡೀ ಗುಂಪು ಕಾಣುತ್ತದೆ, ಕೈಯಲ್ಲಿ ಮೈಕೂ ಇರುತ್ತದೆ. ತಲೆಗಳು ಒಟ್ಟಾಗಿ ತೂಗತೊಡಗಿದ ಕೂಡಲೇ ಅವನು ಹಾಡು ನಿಲ್ಲಿಸಿ, ಹಿಂದಿನ ಸಾಲಿನವರನ್ನು ಮೊದಲು ಹಿಂದೆ ಸರಿಸಬೇಕು.