ಎರೆಯ ಬಿರುಕಿನ ಇಲಿ ಮತ್ತು ರಕ್ತಸ್ರಾವದ ಜ್ವರ

ಹಿಂಗಾರಿ ಜೋಳ ಕಣ ಸೇರಿ ಬಿಸಿಲು ಬಲಿತರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳು ಬಿರಿಯುತ್ತವೆ. ಮೊಳಕೈವರೆಗೆ ತೋಳು ಇಳಿಯುವಂಥ ಆ ಬಿರುಕುಗಳು ಹೊಲದ ಇಲಿಗೆ ಅಗೆಯದೇ ಸಿಕ್ಕ ಮನೆ. ಮೊದಲ ದೊಡ್ಡ ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಾಗ ಸಾವಿರಾರು ಇಲಿಗಳು ಒಳಗೇ ಸಾಯುತ್ತವೆ.

ಇದನ್ನು ಬರೆದಿಟ್ಟವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಯುದ್ಧದಲ್ಲಿ ಸೆರೆಯಾಗಿದ್ದ ಇದೇ ಅಧಿಕಾರಿ, ಮುಂದೆ 1839ರಲ್ಲಿ ನಮ್ಮ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. 1826ರಲ್ಲಿ ಮುಂಗಾರು ಕೈಕೊಟ್ಟಾಗ ಮೃದು ತುಪ್ಪಳದ ಹೊಲದ ಇಲಿ, ಅಂದರೆ ಮಿಲಾರ್ಡಿಯಾ ಮೆಲ್ಟಾಡಾ, ಮಿತಿಮೀರಿ ಹೆಚ್ಚಿತು ಎನ್ನುತ್ತಾನೆ. ಬಿತ್ತಿದ ಬೀಜ ತಿಂದವು; ಪೈರು ಬಲಿತಾಗ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರು ಡಜನ್ ಇಲಿಗೆ ಇಷ್ಟೆಂದು ಕಾಳು ಅಳೆದುಕೊಟ್ಟು ಕೊಲ್ಲಿಸಿದರೂ ಸಂಖ್ಯೆ ಇಳಿಯಲಿಲ್ಲ.

ಆ ಇಲಿ ಜ್ವರ ಹರಡಿತೆಂದು ನಾನು ಹೇಳುತ್ತಿಲ್ಲ. ಆದರೆ ಇಲಿಗಳ ಈ ಏರಿಳಿತ ತಿಳಿಯದೆ ರಕ್ತಸ್ರಾವದ ಜ್ವರ ಅರ್ಥವಾಗದು. ಕೊರಿಯಾ ಯುದ್ಧದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಜ್ವರ ಬಂದು ಮೂತ್ರಪಿಂಡ ಸೋತಿತ್ತು. ಕಾರಣ ಸಿಕ್ಕಿದ್ದು 1976ರಲ್ಲಿ: ಹೊ ವಾಂಗ್ ಲೀ ಅವರು ಬೆನ್ನಮೇಲೆ ಕಪ್ಪು ಗೆರೆಯಿರುವ ಹೊಲದ ಇಲಿಯ ಶ್ವಾಸಕೋಶದಲ್ಲಿ ಹಂತಾನ್ ವೈರಸ್ಸಿನ ಗುರುತು ಕಂಡರು. ಅರ್ಜೆಂಟೀನಾದಲ್ಲಿ ಮೆಕ್ಕೆಜೋಳದ ಸುಗ್ಗಿಯಾಳುಗಳಿಗೆ ಬರುತ್ತಿದ್ದ ಜುನಿನ್ ಜ್ವರದ ಮೂಲವೂ ಹೊಲದ ಪುಟ್ಟ ಇಲಿಯೇ.

ಹಂತಾನ್ ಹೊತ್ತ ಇಲಿಗೆ ಮಾತ್ರ ಹೆಚ್ಚೇನೂ ಆಗುವುದಿಲ್ಲ. ಹಂತಾನ್ ಬಳಗದ ಹಂತಾವೈರಸ್ ಸೂಕ್ಷ್ಮ ರಕ್ತನಾಳಗಳ ಒಳಪದರದ ಕೋಶಗಳಲ್ಲಿ ಕೂರುತ್ತದೆ, ಅವುಗಳನ್ನು ಕೊಲ್ಲುವುದಿಲ್ಲ. ಮನುಷ್ಯನ ರೋಗನಿರೋಧಕ ಶಕ್ತಿ ಅದರ ಮೇಲೆ ಮುಗಿಬೀಳುತ್ತದೆ. ಆ ಹೋರಾಟದಲ್ಲೇ ನಾಳಗಳು ಸೋರತೊಡಗಿ ರಕ್ತದೊತ್ತಡ ಕುಸಿಯುತ್ತದೆ. ಬಹುಕಾಲದಿಂದ ಅದೇ ವೈರಸ್ಸಿನೊಂದಿಗೆ ಬದುಕಿರುವ ಇಲಿಯ ದೇಹ ಅಷ್ಟು ಕೆರಳದು. ಅದು ತಿಂದುಂಡು, ಮರಿಹಾಕಿ, ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಬಿಡುತ್ತಲೇ ಇರುತ್ತದೆ. ಹುಟ್ಟಿದ ಮರಿಗಳಿಗೆ ತಾಯಿಯ ಪ್ರತಿಕಾಯಗಳ ಕಾವಲಿರುತ್ತದೆ. ಸೋಂಕು ತಗಲುವುದು ಬೆಳೆದ ಮೇಲೆ, ಹೆಚ್ಚಾಗಿ ಗಂಡಿಲಿಗಳು ಜಗಳಾಡಿ ಕಚ್ಚಿಕೊಂಡಾಗ. ಹೊಲದಲ್ಲಿ ಇಲಿ ದಟ್ಟವಾದಷ್ಟೂ ಕಾದಾಟ ಹೆಚ್ಚು, ವೈರಸ್ಸಿಗೆ ಹೊಸ ಮನೆಗಳು ಹೆಚ್ಚು. 1826ರಂಥ ವರ್ಷಗಳು ನನ್ನನ್ನು ಕಾಡುವುದು ಇದಕ್ಕೇ.

ಕರ್ನಾಟಕದ್ದೇ ಆದ ರಕ್ತಸ್ರಾವದ ಜ್ವರ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಅಲ್ಲಿ ದಾಟಿಸುವುದು ಉಣ್ಣೆ. ಮಂಗ ಸತ್ತು ಬಿದ್ದು ಸುದ್ದಿಯಾಗುತ್ತದೆ. ಅದೇ ಉಣ್ಣೆಯ ಮರಿಗಳಿಗೆ ರಕ್ತ ಕೊಡುವ ಕಾಡಿಲಿ, ಸುಂಡಿಲಿಗಳಲ್ಲೂ ವೈರಸ್ ಸಿಕ್ಕಿದ್ದು ಅಷ್ಟು ಜನರಿಗೆ ಗೊತ್ತಿಲ್ಲ. ಇನ್ನು ಹಂತಾ ಬಳಗದ ತೊಟ್ಟಪಾಳಯಂ ವೈರಸ್ 1964ರಲ್ಲಿ ವೆಲ್ಲೂರಿನ ಸುಂಡಿಲಿಯಲ್ಲಿ ದೊರೆಯಿತು. ತಮಿಳುನಾಡಿನಲ್ಲಿ ಧಾನ್ಯದ ಗೋದಾಮಿನ ಕೆಲಸಗಾರರು ಮತ್ತು ಇಲಿ ಹಿಡಿಯುವ ಇರುಳರ ರಕ್ತದಲ್ಲಿ ಹಂತಾ ಸೋಂಕಿನ ಕುರುಹು ಕಂಡಿದೆ.

ಆಲಮಟ್ಟಿಯ ಕಾಲುವೆ ನೀರು ಹರಿದ ಕಡೆ ಈಗ ಎರೆ ಮೊದಲಿನಷ್ಟು ಬಿರಿಯುವುದಿಲ್ಲ; ಬದಲಿಗೆ ಕಬ್ಬು ವರ್ಷವಿಡೀ ಇಲಿಗೆ ಮರೆ ಕೊಡುತ್ತದೆ. ಕಣಕಿಯ ಬಣವೆ, ಜೋಳದ ಚೀಲ ಪೇರಿಸಿದ ಕೋಣೆ ಇದ್ದೇ ಇವೆ. ಅಲ್ಲಿ ಒಣ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಬೇಡಿ, ಧೂಳಿನೊಡನೆ ಅದು ಉಸಿರಿಗೆ ಹೋಗುತ್ತದೆ. ಬಾಗಿಲು ತೆರೆದು ಗಾಳಿಯಾಡಲು ಬಿಡಿ, ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಯಲಿ, ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಒರೆಸಿ ತೆಗೆಯಿರಿ. ಆಮೇಲೆ ಜ್ವರ, ಮೈಕೈ ನೋವು ಬಂದು ಮೂತ್ರ ಕಡಿಮೆಯಾದರೆ ಇಲಿಯ ಸಂಪರ್ಕವಿತ್ತೆಂದು ವೈದ್ಯರಿಗೆ ಮೊದಲೇ ಹೇಳಿ. ಇಲಿಜ್ವರ ಎನ್ನುವ ಲೆಪ್ಟೊಸ್ಪೈರೋಸಿಸ್ ಕೂಡ ಹೀಗೇ ಕಾಣಿಸುತ್ತದೆ. ಅದು ಬ್ಯಾಕ್ಟೀರಿಯಾದ ರೋಗ, ಬೇಗ ಗುರುತಿಸಿದರೆ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ.