‘ನಾವು’ ಎಂದರೆ ಯಾರು? ಗಡಿನಾಡಿನ ನುಡಿಯಲ್ಲೊಂದು ಪ್ರಬಂಧದ ಸಿದ್ಧತೆ

ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚನ್ನರಾಯನದುರ್ಗ ಬೆಟ್ಟದ ಮೇಲಿನ ಕೋಟೆಗೆ ಹೆಸರಾದ ಊರು. ಇತಿಹಾಸಾಸಕ್ತರು ಕೋಟೆಗಾಗಿಯೂ ಚಾರಣಿಗರು ಬೆಟ್ಟಕ್ಕಾಗಿಯೂ ಇಲ್ಲಿಗೆ ಬರುವುದುಂಟು. ಭಾಷಾವಿಜ್ಞಾನ ಮತ್ತು ಸಾಮಾಜಿಕ ಸಂವಹನವನ್ನು ವಿಷಯವಾಗಿ ಆರಿಸಿಕೊಂಡು ಸ್ನಾತಕೋತ್ತರ ಪದವಿಗೆ ಪ್ರಬಂಧ ಬರೆಯಹೊರಟ ವಿದ್ಯಾರ್ಥಿಗೂ ಈ ಸೀಮೆಯಲ್ಲಿ ಯಥೇಚ್ಛ ಕೆಲಸವಿದೆ. ಜನರ ದಿನನಿತ್ಯದ ಮಾತೇ ಅದರ ಸಾಮಗ್ರಿ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿನ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಕಲಿಕೆಯ ಭಾಷೆ ಕನ್ನಡ. ಮನೆಯ ಭಾಷೆ ಮಾತ್ರ ಎಲ್ಲೆಡೆ ಒಂದೇ ಆಗಿಲ್ಲ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ತೆಲುಗು ಹಾಸುಹೊಕ್ಕಾಗಿದೆ. 1687ರಿಂದ ಮೊಘಲ್ ಸುಬಾ ಒಂದರ ಕೇಂದ್ರವಾಗಿದ್ದ ಶಿರಾದಲ್ಲಿ ದಖನಿ ಉರ್ದು ಕೇಳಿಬರುತ್ತದೆ. ತಾಂಡಾಗಳಲ್ಲಿ ಲಂಬಾಣಿ ಉಳಿದುಬಂದಿದೆ.

ಜನಗಣತಿಯು ಪ್ರತಿಯೊಬ್ಬರ ಮಾತೃಭಾಷೆಯನ್ನೂ ಅದರ ಜೊತೆಗೆ ಬಲ್ಲ ಗರಿಷ್ಠ ಎರಡು ಭಾಷೆಗಳನ್ನೂ ದಾಖಲಿಸುತ್ತದೆ. ಆದರೆ ಆ ಭಾಷೆಗಳನ್ನು ಯಾರೊಡನೆ, ಎಲ್ಲಿ, ಯಾವ ಕಾರಣಕ್ಕೆ ಬಳಸುತ್ತಾರೆ ಎಂಬುದು ಗಣತಿಯ ನಮೂನೆಯಲ್ಲಿ ಅಡಗುವ ಸಂಗತಿಯಲ್ಲ. ಜಾರ್ಜ್ ಗ್ರಿಯರ್ಸನ್ ನೇತೃತ್ವದ ಭಾರತೀಯ ಭಾಷಾ ಸಮೀಕ್ಷೆಯಂತೂ ಮೈಸೂರು ಸಂಸ್ಥಾನವನ್ನು ಒಳಗೊಂಡಿರಲೇ ಇಲ್ಲ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗ ಮುಂತಾದೆಡೆಯ ಕನ್ನಡದ ಬಗೆಗಳನ್ನು ಕುರಿತು ಗ್ರಂಥಗಳನ್ನು ಪ್ರಕಟಿಸಿತು. ಒಂದೊಂದು ಸೀಮೆಯ ನುಡಿಯನ್ನು ಹತ್ತಿರದಿಂದ ಆಲಿಸಿ ದಾಖಲಿಸುವ ಈ ಪರಂಪರೆಗೆ ವಿದ್ಯಾರ್ಥಿಯೊಬ್ಬರ ಕಿರುಪ್ರಬಂಧವೂ ತನ್ನ ಪಾಲನ್ನು ಸೇರಿಸಬಲ್ಲದು.

ಪ್ರಶ್ನೆ ಚಿಕ್ಕದಾಗಿರಲಿ

ಪ್ರಬಂಧದ ಮೊದಲ ಹೆಜ್ಜೆ ವಿಷಯವನ್ನು ಕಿರಿದುಗೊಳಿಸುವುದು. ‘ಗಡಿನಾಡಿನ ದ್ವಿಭಾಷಿಕತೆ’ ಎಂಬುದು ಒಂದು ಸಂಪುಟಕ್ಕೆ ತಕ್ಕ ಶೀರ್ಷಿಕೆಯೇ ಹೊರತು ಕೆಲವು ತಿಂಗಳುಗಳಲ್ಲಿ ಮುಗಿಯುವ ಸಂಶೋಧನೆಗೆ ಒದಗುವ ಪ್ರಶ್ನೆಯಲ್ಲ. ಒಂದೇ ಒಂದು ಪದವನ್ನು ಹಿಡಿದು ಹೊರಟರೂ ದೂರ ಸಾಗಬಹುದೆಂಬುದಕ್ಕೆ ‘ನಾವು’ ಎಂಬ ಸರ್ವನಾಮವೇ ನಿದರ್ಶನ.

ಇಂದಿನ ಕನ್ನಡದಲ್ಲಿ ‘ನಾವು’ ಒಂದೇ. ತೆಲುಗಿನಲ್ಲಿ ಎರಡು. ಕೇಳುಗನನ್ನು ಸೇರಿಸಿಕೊಂಡು ಹೇಳುವಾಗ ‘ಮನಂ’, ಕೇಳುಗನನ್ನು ಹೊರಗಿಟ್ಟು ಹೇಳುವಾಗ ‘ಮೇಮು’. ಅಂತೆಯೇ ನೆರೆಯವನೊಡನೆ ‘ಮನ ಊರು’ ಎನ್ನುವವನು ಪರಸ್ಥಳದವನೊಡನೆ ‘ಮಾ ಊರು’ ಎನ್ನುತ್ತಾನೆ. ಕನ್ನಡದಲ್ಲಿ ಎರಡಕ್ಕೂ ‘ನಮ್ಮೂರು’ ಸಾಕು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವ ವ್ಯಕ್ತಿ ಈ ವ್ಯತ್ಯಾಸವನ್ನು ಕನ್ನಡದಲ್ಲಿ ಕೈಬಿಡುತ್ತಾನೆಯೇ ಅಥವಾ ‘ನಾವು ನೀವು ಎಲ್ಲಾ’ ಎಂಬಂಥ ಜೋಡಣೆಯಿಂದ ತುಂಬಿಕೊಳ್ಳುತ್ತಾನೆಯೇ? ವ್ಯಾಕರಣದ ಈ ಸಣ್ಣ ಪ್ರಶ್ನೆ ಯಾರು ನಮ್ಮವರು, ಯಾರು ಹೊರಗಿನವರು ಎಂಬ ಸಾಮಾಜಿಕ ಪ್ರಶ್ನೆಯೂ ಹೌದು. ಚನ್ನರಾಯನದುರ್ಗ ಮತ್ತು ಪಾವಗಡ ಹೋಬಳಿಗಳ ಒಂದೊಂದು ಹಳ್ಳಿಯಲ್ಲಿ ಇದನ್ನೇ ಕೇಳಿ ಹೋಲಿಸಿದರೆ ಪ್ರಬಂಧಕ್ಕೊಂದು ಸ್ಪಷ್ಟ ಚೌಕಟ್ಟು ದೊರೆಯುತ್ತದೆ.

ಒಂದು ದ್ವೀಪ, 69 ಮಂದಿ

ಸ್ನಾತಕೋತ್ತರ ಮಟ್ಟದ ಪ್ರಬಂಧದಿಂದ ಏನಾದೀತು ಎಂದು ಅನುಮಾನಿಸುವವರಿಗೆ ಅಮೆರಿಕದ ವಿಲಿಯಂ ಲಬಾವ್ ಉತ್ತರವಾಗಿದ್ದಾರೆ. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ 69 ಮಂದಿಯನ್ನು ಸಂದರ್ಶಿಸಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದಿಂದ ಹೊಮ್ಮಿದ ಲೇಖನ 1963ರಲ್ಲಿ ಪ್ರಕಟವಾಯಿತು. ಎರಡು ಸಂಯುಕ್ತ ಸ್ವರಗಳ ಉಚ್ಚಾರಣೆಯನ್ನಷ್ಟೇ ಅವರು ಗಮನಿಸಿದ್ದರು. ಬೇಸಿಗೆ ಪ್ರವಾಸಿಗರ ದಟ್ಟಣೆಯ ನಡುವೆಯೂ ದ್ವೀಪದಲ್ಲೇ ಬಾಳಬೇಕೆಂದಿದ್ದವರಲ್ಲಿ ಸ್ಥಳೀಯ ಉಚ್ಚಾರಣೆ ಹೆಚ್ಚು ಗಾಢವಾಗಿತ್ತು. ಊರಿನ ಮೇಲಿನ ಮಮತೆಗೂ ಸ್ವರದ ಬದಲಾವಣೆಗೂ ನಂಟಿದೆಯೆಂದು ತೋರಿಸಿದ ಈ ಅಧ್ಯಯನ ಸಮಾಜಭಾಷಾವಿಜ್ಞಾನದ ಬುನಾದಿಗಳಲ್ಲಿ ಒಂದಾಯಿತು. ಲಬಾವ್ 2024ರ ಡಿಸೆಂಬರ್‌ನಲ್ಲಿ ನಿಧನರಾದರು.

ಸಂಶೋಧಕ ಎದುರಿಸುವ ದೊಡ್ಡ ತೊಡಕನ್ನು ಗುರುತಿಸಿದವರೂ ಅವರೇ. ಯಾರೂ ಗಮನಿಸದಿದ್ದಾಗ ಜನ ಹೇಗೆ ಮಾತನಾಡುತ್ತಾರೆಂದು ತಿಳಿಯಬೇಕು, ತಿಳಿಯಲು ಗಮನಿಸಲೇಬೇಕು. ಪಟ್ಟಣದಿಂದ ಬಂದ ವಿದ್ಯಾರ್ಥಿ ಧ್ವನಿಮುದ್ರಣ ಯಂತ್ರವನ್ನು ಜಗಲಿಯ ಮೇಲಿಟ್ಟ ಕೂಡಲೇ ಮಾತು ಪುಸ್ತಕದ ಕನ್ನಡಕ್ಕೆ ತಿರುಗಬಹುದು. ಆದುದರಿಂದ ಮೊದಲ ದಿನಗಳನ್ನು ಪರಿಚಯಕ್ಕೆ ಮೀಸಲಿಟ್ಟು, ಪ್ರಶ್ನಾವಳಿಯ ಬದಲು ಮಳೆ, ಬೆಳೆ, ಜಾತ್ರೆ, ಬಾಲ್ಯದ ಕಥೆಗಳಿಂದ ಮಾತು ತೆಗೆಯುವುದು ಲೇಸು. ಕದ್ದು ಮುದ್ರಿಸಿಕೊಳ್ಳುವುದು ಸಲ್ಲದು. ಮಾತಿನ ನಡುವೆ ಸಾಲ, ಜಗಳ, ಜಾತಿಯ ವಿಚಾರಗಳು ಬಂದೇ ಬರುತ್ತವೆ. ಮೊದಲೇ ಒಪ್ಪಿಗೆ ಪಡೆಯುವುದು, ಮಕ್ಕಳಾದರೆ ಹೆತ್ತವರ ಅನುಮತಿ ಕೇಳುವುದು, ಬರೆಯುವಾಗ ಹೆಸರು ಬದಲಿಸುವುದು ಕಡ್ಡಾಯ.

ಎಣಿಕೆಯಲ್ಲಿ ಎಚ್ಚರ

ಧ್ವನಿಮುದ್ರಿಕೆಯನ್ನು ಬರಹಕ್ಕಿಳಿಸುವುದು ಅತ್ಯಂತ ತಾಳ್ಮೆಯ ಕೆಲಸ. ಕೇಳಿದ್ದನ್ನು ‘ಶುದ್ಧ’ಗೊಳಿಸಿ ಬರೆದರೆ ಪ್ರಬಂಧದ ಜೀವವೇ ಹೋಗುತ್ತದೆ. ಒಂದು ರೂಪ ಎಷ್ಟು ಸಲ ಬಂತು ಎಂಬುದರ ಜೊತೆಗೆ, ಬರಬಹುದಾಗಿದ್ದ ಎಷ್ಟು ಕಡೆ ಬರಲಿಲ್ಲ ಎಂಬುದನ್ನೂ ಎಣಿಸಬೇಕು.

ಕಾರಣ ಹೇಳುವಾಗ ಆತುರವೂ ಸಲ್ಲದು. ಉದಾಹರಣೆಗೆ, ತೆಲುಗು ಮನೆಯ ಮಗುವೊಂದು ಶಾಲೆಯಲ್ಲಿ ‘ಅಕ್ಕ ಬಂತು’ ಎಂದಿತೆನ್ನೋಣ. ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾರೂಪವಿರುವುದರಿಂದ, ಇದು ತೆಲುಗಿನ ಪ್ರಭಾವವೆಂದು ತೀರ್ಮಾನಿಸುವುದು ಸುಲಭ. ಆದರೆ ಹೆಣ್ಣುಮಕ್ಕಳ ಬಗ್ಗೆ ನಪುಂಸಕ ಕ್ರಿಯಾರೂಪ ಬಳಸುವ ವಾಡಿಕೆ ಕನ್ನಡದ ಕೆಲವು ಆಡುನುಡಿಗಳಲ್ಲಿಯೂ ಇದೆ. ಅದೇ ತರಗತಿಯ ಕನ್ನಡ ಮನೆಯ ಮಕ್ಕಳ ಮಾತನ್ನೂ ಕೇಳಿ ಹೋಲಿಸಿದ ಬಳಿಕವೇ ಕಾರಣದ ಬಗ್ಗೆ ಮಾತನಾಡಲು ಸಾಧ್ಯ.

ಈ ಎಚ್ಚರಕ್ಕೆ ಮಾದರಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿದೆ. ಆ ಊರಿನ ಕನ್ನಡ, ಮರಾಠಿ ಮತ್ತು ಉರ್ದುವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ಪ್ರಸಿದ್ಧವಾಗಿದೆ. ತಲೆಮಾರುಗಳ ಒಡನಾಟದಿಂದ ಮೂರೂ ಭಾಷೆಗಳ ವಾಕ್ಯರಚನೆ ಒಂದಕ್ಕೊಂದು ಸಮೀಪಿಸಿತ್ತು. ಲಿಂಗ ವಿವಕ್ಷೆಯಲ್ಲಿ ಅಲ್ಲಿನ ಮರಾಠಿ, ಉರ್ದುಗಳು ಕನ್ನಡದ ಜಾಡನ್ನು ಹಿಡಿದಿದ್ದವು. ಪದಗಳು ಮಾತ್ರ ಬಹುಮಟ್ಟಿಗೆ ಬೇರೆಯಾಗಿಯೇ ಉಳಿದಿದ್ದವು. ಜನ ಪರಸ್ಪರ ಹತ್ತಿರವಾಗಿಯೂ ತಮ್ಮ ಗುರುತನ್ನು ಬಿಟ್ಟುಕೊಟ್ಟಿರಲಿಲ್ಲ.

ಇಂಥ ಅಧ್ಯಯನದ ಫಲ ವಿಶ್ವವಿದ್ಯಾಲಯದ ಕಪಾಟಿಗಷ್ಟೇ ಸಂಬಂಧಿಸಿದ್ದಲ್ಲ. ‘ಅಕ್ಕ ಬಂತು’ ಎಂದ ಮಗುವಿಗೆ ಸಹಪಾಠಿಗಳ ನಗೆ, ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಸಿಕ್ಕರೆ, ಅದು ಮಾತನಾಡುವುದನ್ನೇ ಕಡಿಮೆ ಮಾಡೀತು. ಆ ರೂಪಕ್ಕೊಂದು ನಿಯಮವಿದೆ, ಅದು ದಡ್ಡತನವಲ್ಲ ಎಂದು ತಿಳಿದ ಶಿಕ್ಷಕರು ಮನೆಯ ಮಾತನ್ನು ಹಳಿಯದೆ ಶಾಲೆಯ ಕನ್ನಡವನ್ನು ಕಲಿಸಬಲ್ಲರು. ಆದಕಾರಣ ಪ್ರಬಂಧದ ಒಂದು ಪ್ರತಿಯನ್ನು, ಅದರ ಸಾರಾಂಶವನ್ನು ಸರಳ ಕನ್ನಡದಲ್ಲಿ ಲಗತ್ತಿಸಿ, ಮಾತು ಕೊಟ್ಟ ಊರಿನ ಶಾಲೆಗೂ ತಲುಪಿಸುವುದು ಸಿದ್ಧತೆಯ ಕೊನೆಯ ಹಂತವಾಗಬೇಕು.